ಗಣಕಯಂತ್ರದ ರಂಗವಲ್ಲಿ : ಒಂದು ವಿಮರ್ಶೆ

ಪರೀಕ್ಷಕನಾಗಿ ಕುಳಿತವನು ತನ್ನ ತೀರ್ಪನ್ನು ತಾನೇ ಮರುವಿಚಾರಣೆಗೆ ತೆಗೆದುಕೊಳ್ಳುವುದು ವಾಡಿಕೆಯಲ್ಲ. ಬಹುಮಾನ ಹಂಚಿ, ಫೋಟೋ ತೆಗೆಸಿಕೊಂಡು, ಚಹಾ ಕುಡಿದು ಮನೆಗೆ ಬಂದರೆ ವಿಷಯ ಅಲ್ಲಿಗೆ ಮುಗಿಯಿತೆಂದು ಲೆಕ್ಕ. ಆದರೆ ಕಳೆದ ದೀಪಾವಳಿಯ ಸಮಯದಲ್ಲಿ, ಪುಣೆಯ ಕನ್ನಡ ಮನೆಗಳವರು ಸೇರಿ ನಡೆಸಿದ ಒಂದು ಸಣ್ಣ ರಂಗೋಲಿ ಸ್ಪರ್ಧೆಯಲ್ಲಿ ನಾವು ಮೂವರು ಕೊಟ್ಟ ತೀರ್ಪು ನನ್ನನ್ನು ಇನ್ನೂ ಬಿಟ್ಟಿಲ್ಲ. ಆ ಋಣವನ್ನು ತೀರಿಸಿಕೊಳ್ಳುವುದಕ್ಕಾಗಿ ಈ ಲೇಖನ.

ನಡೆದದ್ದು ಇಷ್ಟು. ಸಭಾಗೃಹದ ನೆಲದ ಮೇಲೆ ಹದಿನಾಲ್ಕು ರಂಗೋಲಿಗಳು ಸಾಲಾಗಿ ಅರಳಿದ್ದವು. ಕೊನೆಯ ಚೌಕದಲ್ಲಿ ಮಾತ್ರ ನೆಲ ಬರಿದಾಗಿತ್ತು. ಹತ್ತನೆಯ ಇಯತ್ತೆಯ ಹುಡುಗಿಯೊಬ್ಬಳು ಅಲ್ಲಿ ಒಂದು ದೊಡ್ಡ ಮುದ್ರಿತ ಹಾಳೆಯನ್ನು ಹಾಸಿ, ಪಕ್ಕದಲ್ಲಿ ತನ್ನ ಲ್ಯಾಪ್‌ಟಾಪನ್ನು ತೆರೆದಿಟ್ಟುಕೊಂಡು ಕುಳಿತಿದ್ದಳು. ಹಾಳೆಯ ಮೇಲೆ ವೃತ್ತಾಕಾರದ ಒಂದು ಭಾರೀ ಹೂವು. ಪರದೆಯ ಮೇಲೆ ಅದೇ ಹೂವು ಎಸಳು ಎಸಳಾಗಿ ಅರಳಿ, ನಂತರ ಗಾಣದಂತೆ ತಿರುಗುತ್ತಿತ್ತು. ನಾವು ಮೂವರೂ ಮುಖ ಮುಖ ನೋಡಿಕೊಂಡೆವು. ‘ಇದು ಯಂತ್ರ ಮಾಡಿದ್ದು, ಸ್ಪರ್ಧೆಗೆ ಸಲ್ಲುವುದಿಲ್ಲ’ ಎಂದು ಮೊದಲು ಹೇಳಿದವನು ನಾನೇ. ಉಳಿದಿಬ್ಬರು ತಲೆಯಾಡಿಸಿದರು. ಹಾಳೆಯನ್ನು ಸುತ್ತಿಕೊಳ್ಳುತ್ತ ಆ ಹುಡುಗಿ ಕೇಳಿದಳು: “ಅಜ್ಜಾರ, ಯಂತ್ರಕ್ಕ ಹೂವು ಹ್ಯಾಂಗ ಗೊತ್ತಿರತದರಿ? ಎಸಳು ನಾನs ಬರದದ್ದು. ಅದು ಬರೇ ತಿರಗಿಸಿ ಕೊಟ್ಟದ.”

ನನ್ನಲ್ಲಿ ಉತ್ತರವಿರಲಿಲ್ಲ. ‘ಮುಂದಿನ ವರ್ಷ ನೋಡೋಣಮ್ಮಾ’ ಎಂದು ಸಾಗಹಾಕಿದೆ.

ಮನೆಗೆ ಬಂದು ಮೊಮ್ಮಗಳನ್ನು ಹಿಡಿದೆ. ಅವಳಿಗೂ ಈ ವಿದ್ಯೆ ಬರುತ್ತದೆ. ಬ್ಲೆಂಡರ್ ಎಂಬ ಒಂದು ತಂತ್ರಾಂಶವಿದೆಯಂತೆ. 2002ರಿಂದ ಅದು ಯಾರು ಬೇಕಾದರೂ ಬಿಟ್ಟಿಯಾಗಿ ಪಡೆದು ಬಳಸಬಹುದಾದದ್ದು. ಚಲನಚಿತ್ರಗಳಲ್ಲಿ ಬೊಂಬೆಗಳನ್ನು ಕುಣಿಸುವವರೂ ಅದನ್ನೇ ಬಳಸುತ್ತಾರೆ. ಅವಳು ಕಲಿಸಿದ್ದನ್ನು ಓದುಗರಿಗೆ ನನ್ನ ಮಾತಿನಲ್ಲಿ ಹೇಳುತ್ತೇನೆ. ಮೊದಲು ಒಂದು ಎಸಳನ್ನು ಬರೆಯಬೇಕು. ಆಮೇಲೆ ತಿರುಗುವ ಕೇಂದ್ರ ಎಲ್ಲಿ ಎಂದು ತೋರಿಸಬೇಕು. ಎಷ್ಟು ಪ್ರತಿ ಬೇಕೆಂದು ಹೇಳಬೇಕು. ಕೊನೆಗೆ ಒಂದು ಪ್ರತಿಗೂ ಇನ್ನೊಂದಕ್ಕೂ ನಡುವೆ ಎಷ್ಟು ಕೋನ ಎಂದು ಹೇಳಬೇಕು: 360 ಅಂಶಗಳನ್ನು ಎಸಳುಗಳ ಸಂಖ್ಯೆಯಿಂದ ಭಾಗಿಸಿದರಾಯಿತು. ಹನ್ನೆರಡು ಎಸಳಾದರೆ 30, ಎಂಟಾದರೆ 45, ಐದಾದರೆ 72.

ಕೇಳುವುದಕ್ಕೆ ಸುಲಭ. ಕೈ ಹಾಕಿದ ಮೇಲೆ ನನಗಾದ ಫಜೀತಿ ಬೇರೆ. ಮೊದಲ ಸಲ ಕೇಂದ್ರವನ್ನು ಎಸಳಿನ ಹೊಟ್ಟೆಯಲ್ಲಿಯೇ ಬಿಟ್ಟುಬಿಟ್ಟೆ. ಹನ್ನೆರಡು ಎಸಳುಗಳೂ ಒಂದೇ ಜಾಗದಲ್ಲಿ ಸುತ್ತಿಕೊಂಡು ಹತ್ತಿಯ ಉಂಡೆಯಂತಾದವು. “ಅಜ್ಜಾ, ಕೇಂದ್ರ ಎಸಳಿನ ಹೊರಗ ಇರಬೇಕು” ಎಂದು ಮೊಮ್ಮಗಳು ನಕ್ಕಳು. ಎರಡನೆಯ ಸಲ ಎಸಳಿನ ಅಳತೆಯನ್ನು ಹಿಗ್ಗಿಸಿ, ಆ ಬದಲಾವಣೆಯನ್ನು ಯಂತ್ರಕ್ಕೆ ಖಾಯಂ ಮಾಡಿ ತಿಳಿಸದೆ ಬಿಟ್ಟೆ. ಪ್ರತಿಯೊಂದು ಪ್ರತಿಯೂ ಹಿಂದಿನದಕ್ಕಿಂತ ಬೇರೆ ಅಳತೆಯದಾಗಿ, ಹೂವಿಗೆ ಬದಲಾಗಿ ಶಂಖದ ಸುರುಳಿ ಬಂತು. ಮೂರನೆಯ ಸಲ 30ರ ಬದಲು 29 ಎಂದು ಒತ್ತಿದೆ. ಒಂದೊಂದು ಅಂಶದ ತಪ್ಪು ಹನ್ನೆರಡು ಸಲ ಕೂಡಿ, ಕೊನೆಯಲ್ಲಿ ಹಲ್ಲು ಬಿದ್ದ ಬಾಯಿಯಂತೆ ಸಂದು ಉಳಿಯಿತು.

ಇಷ್ಟು ಕಲಿತ ಮೇಲೆ ‘ಯಂತ್ರ ಮಾಡಿದ್ದು’ ಎಂಬ ನನ್ನ ಮಾತು ಅರ್ಧವೇ ನಿಜವೆಂದು ತಿಳಿಯಿತು. ಎಸಳು, ಕೇಂದ್ರ, ಸಂಖ್ಯೆ, ಈ ಮೂರನ್ನೂ ಮನುಷ್ಯನೇ ಆರಿಸಬೇಕು. ಯಂತ್ರದ್ದು ಸುತ್ತುವ ಕೂಲಿ ಮಾತ್ರ.

ಹಾಗಾದರೆ ನಮ್ಮ ಆಕ್ಷೇಪಣೆಗಳು ಯಾವುವು? ಒಂದೊಂದಾಗಿ ನೋಡೋಣ.

ಮೊದಲನೆಯದು, ಇದರಲ್ಲಿ ಕೈಶ್ರಮವಿಲ್ಲ ಎಂಬುದು. ಇದನ್ನು ಹೇಳುವ ನಾವು ತುಳಶೀಬಾಗಿನಲ್ಲಿ ತೂತಿನ ಕೊಳವೆಯನ್ನೂ ಅಚ್ಚುಗಳನ್ನೂ ಕೊಂಡು ತಂದು, ಪುಡಿ ತುಂಬಿ, ಹೊಸ್ತಿಲ ಮುಂದೆ ಉರುಳಿಸಿದವರೇ. ಅದೇ ಸ್ಪರ್ಧೆಯ ಎರಡು ರಂಗೋಲಿಗಳ ಅಂಚು ಅಂಥ ಕೊಳವೆಯದೇ ಆಗಿತ್ತು; ನಾವು ಅಂಕ ಕಡಿತ ಮಾಡಲಿಲ್ಲ. ಗಣೇಶ ವಿಸರ್ಜನೆಯ ದಿನ ಲಕ್ಷ್ಮೀ ರಸ್ತೆಯಲ್ಲಿ ಮೆರವಣಿಗೆಗೆ ಮುಂಚೆ ತರುಣ ತರುಣಿಯರು ಹಾಕುವ ರಂಗೋಲಿಯನ್ನು ನೋಡಿದವರಿಗೆ ಗೊತ್ತು: ಮೊದಲು ದಾರ ಹಿಡಿದು ವೃತ್ತ ಎಳೆಯುತ್ತಾರೆ, ಜರಡಿಯಿಂದ ಬಣ್ಣ ಉದುರಿಸುತ್ತಾರೆ, ಅದರ ಮೇಲೆ ಬೆರಳುಗಳ ಸಂದಿಯಿಂದ ಬಿಳಿ ಗೆರೆ ಬಿಡುತ್ತಾರೆ. ದಾರವೂ ಜರಡಿಯೂ ಉಪಕರಣಗಳೇ. ಉಪಕರಣ ಎಲ್ಲಿಯ ತನಕ ಸಲ್ಲುತ್ತದೆ, ಎಲ್ಲಿಂದ ಸಲ್ಲದು ಎಂಬ ಗೆರೆಯನ್ನು ನಾವು ಅಂದು ಎಳೆದದ್ದು ಅಭ್ಯಾಸಬಲದಿಂದ, ವಿಚಾರದಿಂದಲ್ಲ.

ಎರಡನೆಯ ಆಕ್ಷೇಪಣೆ, ಒಂದೇ ಆಕಾರವನ್ನು ತಿರುಗಿಸಿ ತಿರುಗಿಸಿ ಇಡುವುದು ಕಲೆಯಲ್ಲ, ಬರಿಯ ಗಣಿತ, ಅದೂ ಪರದೇಶದ್ದು ಎಂಬುದು. ಇದಕ್ಕೆ ಉತ್ತರ ನಮ್ಮ ತೌರಿನಲ್ಲಿಯೇ ಇದೆ. ಗದಗ ಜಿಲ್ಲೆ ಮುಂಡರಗಿ ತಾಲ್ಲೂಕಿನ ಡಂಬಳಕ್ಕೆ ಹೋದವರು ದೊಡ್ಡಬಸಪ್ಪನ ಗುಡಿಯನ್ನು ನೋಡಿರುತ್ತೀರಿ. ಕಲ್ಯಾಣದ ಚಾಲುಕ್ಯರ ಕಾಲದ, 12ನೇ ಶತಮಾನದ ಕಟ್ಟಡ. ಪುರಾತತ್ವ ಇಲಾಖೆಯ ಪಶ್ಚಿಮ ವಲಯದಲ್ಲಿ ದುಡಿದ ಹೆನ್ರಿ ಕಸಿನ್ಸ್ ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುವನ್ನು ಕುರಿತು ಬರೆದು 1926ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಈ ಗುಡಿಗೂ ಸ್ಥಳವಿದೆ. ಅದರ ಗರ್ಭಗುಡಿಯ ಹೊರಮೈ ಇಪ್ಪತ್ತನಾಲ್ಕು ಮೂಲೆಗಳ ನಕ್ಷತ್ರ. ಇದನ್ನು ಪಡೆಯುವ ಬಗೆ ಸರಳ: ಒಂದು ಚೌಕವನ್ನು ಅದರ ಕೇಂದ್ರದ ಸುತ್ತ 15 ಅಂಶಗಳಷ್ಟು ತಿರುಗಿಸಿ ಮತ್ತೆ ಬರೆಯುವುದು, ಹೀಗೆ ಆರು ಚೌಕಗಳಾದರೆ ಇಪ್ಪತ್ತನಾಲ್ಕು ಮೂಲೆಗಳು. ಬ್ಲೆಂಡರಿನಲ್ಲಿ ನನ್ನ ಮೊಮ್ಮಗಳು ಮಾಡುವುದೂ ಇದನ್ನೇ. ಆ ಸ್ಥಪತಿ ಅದನ್ನು ಬಳಪದ ಕಲ್ಲಿನಲ್ಲಿ ಮಾಡಿ, ಶಿಖರಕ್ಕೂ ಅದೇ ನಕ್ಷತ್ರವನ್ನು ಏರಿಸಿದ.

ಇಲ್ಲಿ ಒಂದು ಸೂಕ್ಷ್ಮವಿದೆ. ಎರಡೇ ಚೌಕಗಳನ್ನು ತಿರುಗಿಸಿದರೆ ಎಂಟು ಮೂಲೆ. ಆಗ ಕೇಂದ್ರದಿಂದ ಮೂಲೆಗೆ ಇರುವ ದೂರ 100 ಎಂದಿಟ್ಟುಕೊಂಡರೆ ಎರಡು ಮೂಲೆಗಳ ನಡುವಿನ ತಗ್ಗು ಸುಮಾರು 77ರಲ್ಲಿ ಬರುತ್ತದೆ, ತಗ್ಗು ಆಳವಾಗಿದೆ. ಆರು ಚೌಕಗಳಾದಾಗ ಅದು 89ಕ್ಕೆ ಏರುತ್ತದೆ. ಹನ್ನೆರಡು ಚೌಕಗಳಾಗಿ 48 ಮೂಲೆಗಳಾದರೆ 94. ಇನ್ನೂ ಹೆಚ್ಚಿಸಿದರೆ ಮೂಲೆಯೂ ಇಲ್ಲ, ತಗ್ಗೂ ಇಲ್ಲ. ಉಳಿಯುವುದು ಬರಿಯ ದುಂಡು ಗೋಡೆ. ಅಂದರೆ ಆಕಾರವನ್ನು ತಿರುಗಿಸಿದಷ್ಟೂ ಅದು ಶ್ರೀಮಂತವಾಗುತ್ತದೆಂಬುದು ಭ್ರಮೆ. ಒಂದು ಮಿತಿಯ ನಂತರ ಆಕಾರ ತನ್ನ ಪ್ರತಿಗಳಲ್ಲಿಯೇ ಮುಳುಗಿಹೋಗುತ್ತದೆ. ಡಂಬಳದ ಸ್ಥಪತಿ ಇಪ್ಪತ್ತನಾಲ್ಕಕ್ಕೆ ನಿಂತ. ದೂರದಿಂದ ನೋಡಿದರೆ ದುಂಡು, ಹತ್ತಿರ ಹೋದರೆ ಪ್ರತಿಯೊಂದು ಮೂಲೆಯೂ ತೊಂಬತ್ತು ಅಂಶದ ಖಡಕ್ ಮೂಲೆ. ಪ್ರದಕ್ಷಿಣೆ ಹಾಕುವಾಗ ಒಂದರ ಮೇಲೆ ಬಿಸಿಲು, ಮಗ್ಗುಲದಕ್ಕೆ ನೆರಳು. ಬಾಗಿಲಿರುವ ಕಡೆ ಮಾತ್ರ ಈ ಸುತ್ತು ಕಡಿಯುತ್ತದೆ. ದೇವರಿದ್ದಲ್ಲಿಗೆ ಭಕ್ತನು ಹೋಗಬೇಡವೇ?

ವಿಜಾಪುರದ ಗೋಲಗುಮ್ಮಟವೂ ಇದೇ ತತ್ವದ್ದು. 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲಶಾಹನ ಗೋರಿ ಅದು. ನಮ್ಮ ಪುಣೆಯೂ ಅವನ ಕಾಲದಲ್ಲಿ ಆದಿಲಶಾಹಿಯ ಸರದಾರನಾಗಿದ್ದ ಶಹಾಜಿಯ ಜಹಗೀರಾಗಿತ್ತೆಂಬುದನ್ನು ಇಲ್ಲಿ ನೆನೆಯಬಹುದು. ಕೆಳಗೆ ಚೌಕದ ಹಜಾರ, ಮೇಲೆ ಹೊರಗಿನಿಂದ ಸುಮಾರು 44 ಮೀಟರ್ ವ್ಯಾಸದ ದುಂಡು ಗುಮ್ಮಟ. ಚೌಕವು ದುಂಡನ್ನು ಹೊರುವುದು ಹೇಗೆ? ಒಂದರ ಮೇಲೊಂದು 45 ಅಂಶ ತಿರುಗಿಸಿಟ್ಟ ಎರಡು ಚೌಕಗಳ ಗೆರೆಯಲ್ಲಿ ಎಂಟು ಕಮಾನುಗಳು ಪರಸ್ಪರ ಹೆಣೆದುಕೊಂಡು ಆ ಭಾರವನ್ನು ಗೋಡೆಗೆ ಇಳಿಸುತ್ತವೆ. ಇಲ್ಲಿ ತಿರುಗಿಸುವುದು ಶೃಂಗಾರಕ್ಕಲ್ಲ, ಹೊರೆಗೆ. ಡಂಬಳದಲ್ಲಿ ಕಣ್ಣಿಗಾಗಿ, ವಿಜಾಪುರದಲ್ಲಿ ಹೆಗಲಿಗಾಗಿ. ಎರಡು ಕಡೆಯೂ ‘ಏಕೆ ತಿರುಗಿಸಿದೆ?’ ಎಂದು ಕೇಳಿದರೆ ಉತ್ತರವುಂಟು. ಮೊಬೈಲಿನಲ್ಲಿ ಹಬ್ಬ ಹಬ್ಬಕ್ಕೂ ಬಂದು ಬೀಳುವ ತಿರುಗು ಮಂಡಲಗಳನ್ನು ಈ ಪ್ರಶ್ನೆ ಕೇಳಿ ನೋಡಿರಿ. ಬಹುಪಾಲು ಮೌನ. ಗುಂಡಿ ಇತ್ತು, ಒತ್ತಿದರು, ತಿರುಗಿತು.

ಇನ್ನು ಚಲನಚಿತ್ರದ ಮಾತು. ಜಡವಸ್ತುವನ್ನು ಪರದೆಯ ಮೇಲೆ ಕುಣಿಸುವುದು ನಮಗೆ ಹೊಸದಲ್ಲ. ದಾದಾಸಾಹೇಬ ಫಾಳಕೆಯವರು 1915ರಲ್ಲಿಯೇ ಬೆಂಕಿಕಡ್ಡಿಗಳನ್ನು ಕುಣಿಸಿ ‘ಆಗಕಾಡ್ಯಾಂಚೀ ಮೌಜ’ ಎಂಬ ಕಿರುಚಿತ್ರ ತೆಗೆದರು. ಕೊಲ್ಹಾಪುರದಿಂದ 1933ರಲ್ಲಿ ಪುಣೆಗೆ ಬಂದ ಪ್ರಭಾತ ಕಂಪನಿ ಮರುವರ್ಷವೇ ‘ಜಂಬೂ ಕಾಕಾ’ ಎಂಬ ವ್ಯಂಗ್ಯಚಿತ್ರವನ್ನು ತಯಾರಿಸಿತು. ಅದೇ ಪ್ರಭಾತದ ಆವರಣದಲ್ಲಿ 1960ರಲ್ಲಿ ಫಿಲ್ಮ್ ಇನ್‌ಸ್ಟಿಟ್ಯೂಟ್ ಆರಂಭವಾದದ್ದನ್ನು ಇಲ್ಲಿಯ ಹಳಬರು ಬಲ್ಲರು. ಆದರೆ ವೃತ್ತವನ್ನೇ ನಾಯಕನನ್ನಾಗಿ ಮಾಡಿದ ಚಿತ್ರವೆಂದರೆ ಅಮೇರಿಕದ ಜೇಮ್ಸ್ ವ್ಹಿಟ್ನಿಯವರು 1966ರಲ್ಲಿ ಮುಗಿಸಿದ ‘ಲ್ಯಾಪಿಸ್’. ಹತ್ತು ನಿಮಿಷದ ಚಿತ್ರ. ಸಾವಿರಾರು ಚುಕ್ಕಿಗಳು, ಹಿನ್ನೆಲೆಗೆ ಸಿತಾರದ ನಾದ. ಅದಕ್ಕೆ ಬಳಸಿದ ಯಂತ್ರವನ್ನು ಅವರ ಅಣ್ಣ ಜಾನ್ ವ್ಹಿಟ್ನಿ ಕಟ್ಟಿದ್ದು, ಎರಡನೆಯ ಮಹಾಯುದ್ಧದಲ್ಲಿ ವಿಮಾನಗಳಿಗೆ ಗುರಿಯಿಡುತ್ತಿದ್ದ ಸಾಧನದ ಬಿಡಿಭಾಗಗಳಿಂದ. ಕೊಲ್ಲುವುದಕ್ಕೆ ಕೋನ ಲೆಕ್ಕ ಹಾಕುತ್ತಿದ್ದ ಗಾಲಿಗಳು ಮಂಡಲ ಬರೆದವು. ಆ ಚಿತ್ರದ ಸೊಗಸು ಮಂಡಲದಲ್ಲಿಲ್ಲ. ಚುಕ್ಕಿಗಳು ಚದುರಿ, ನೆರೆದು, ಒಂದು ವಿನ್ಯಾಸ ಕೂಡಿಬಂತು ಎನ್ನುವಷ್ಟರಲ್ಲಿ ಇನ್ನೊಂದಕ್ಕೆ ಜಾರುತ್ತವೆ. ಸಿದ್ಧವಾದ ಮಂಡಲವನ್ನಲ್ಲ, ಸಿದ್ಧವಾಗುತ್ತಿರುವುದನ್ನು ಅದು ತೋರಿಸುತ್ತದೆ.

ಇದನ್ನು ಬರೆಯುವಾಗ ನನಗೆ ನಮ್ಮ ತಾಯಿಯ ಹೃದಯಕಮಲ ನೆನಪಾಯಿತು. ಶುಕ್ರವಾರ ದೇವರ ಮುಂದೆ ಹಾಕುತ್ತಿದ್ದರು. ನಡುವಿನಿಂದ ಎಂಟು ದಿಕ್ಕಿಗೆ ಎಂಟು ಸಾಲು, ಸಾಲಿಗೆ ಐದೈದು ಚುಕ್ಕಿ, ಒಟ್ಟು ನಲವತ್ತು. ಗೆರೆ ಪ್ರತಿ ಹೆಜ್ಜೆಗೂ ಮಗ್ಗುಲ ಸಾಲಿಗೆ ಹೋಗಬೇಕು, ಚುಕ್ಕಿಯ ಕ್ರಮ ಒಂದು, ಮೂರು, ಐದು, ಎರಡು, ನಾಲ್ಕು, ಮತ್ತೆ ಒಂದು. ಕ್ರಮ ಮನೆಯಿಂದ ಮನೆಗೆ ಬೇರೆ ಇರಬಹುದು, ನಮ್ಮ ಮನೆಯದು ಹೀಗೆ. ಎಂಟು ಹೆಜ್ಜೆಗೆ ಸಾಲುಗಳ ಸುತ್ತು ಮುಗಿಯುತ್ತದೆ, ಐದು ಹೆಜ್ಜೆಗೆ ಚುಕ್ಕಿಗಳ ಸುತ್ತು. ಎಂಟಕ್ಕೂ ಐದಕ್ಕೂ ಸಾಮಾನ್ಯ ಭಾಜಕವಿಲ್ಲದ್ದರಿಂದ ಎರಡು ಸುತ್ತೂ ಒಟ್ಟಿಗೆ ಮುಗಿಯುವುದು ನಲವತ್ತನೆಯ ಹೆಜ್ಜೆಗೇ. ಅಷ್ಟರಲ್ಲಿ ಒಂದು ಚುಕ್ಕಿಯೂ ತಪ್ಪದೆ, ಒಂದೂ ಎರಡು ಸಲ ಬಾರದೆ, ಗೆರೆ ಹೊರಟಲ್ಲಿಗೆ ಬಂದು ಸೇರುತ್ತದೆ. ಸಾಲುಗಳು ಎಂಟರ ಬದಲು ಐದೇ ಆಗಿದ್ದರೆ ಐದು ಹೆಜ್ಜೆಗೆ ಗೆರೆ ಮುಚ್ಚಿಕೊಂಡು ಇಪ್ಪತ್ತು ಚುಕ್ಕಿಗಳು ಅನಾಥವಾಗುತ್ತಿದ್ದವು. ಈ ಲೆಕ್ಕ ತಾಯಿಗೆ ಗೊತ್ತಿತ್ತೇ? ಲೆಕ್ಕದ ಹೆಸರು ಗೊತ್ತಿರಲಿಲ್ಲ, ಲೆಕ್ಕ ಬೆರಳಿನಲ್ಲಿತ್ತು.

ವಿಚಿತ್ರವೆಂದರೆ, ಒಂದೇ ಗೆರೆಯಲ್ಲಿ ಹಾಕಿದ ಈ ಕಮಲವನ್ನು 45 ಅಂಶ ತಿರುಗಿಸಿದರೆ ಅದು ತನ್ನ ಮೇಲೆ ತಾನೇ ಸರಿಯಾಗಿ ಕೂಡುತ್ತದೆ. ಅಂದಮೇಲೆ ಎರಡು ಸಾಲುಗಳ ನಡುವಿನ ಐದು ಗೆರೆಗಳನ್ನು ಮಾತ್ರ ಬರೆದು, ಯಂತ್ರಕ್ಕೆ ಎಂಟು ಸಲ ತಿರುಗಿಸೆಂದರೂ ಅದೇ ಚಿತ್ರ ಬರುತ್ತದೆ. ಹಾಳೆಯ ಮೇಲೆ ಎರಡನ್ನೂ ಪಕ್ಕಪಕ್ಕಕ್ಕಿಟ್ಟರೆ ಯಾವ ಪರೀಕ್ಷಕನೂ ವ್ಯತ್ಯಾಸ ಹೇಳಲಾರ. ವ್ಯತ್ಯಾಸವಿರುವುದು ಚಿತ್ರದಲ್ಲಲ್ಲ, ಅದು ಆದ ರೀತಿಯಲ್ಲಿ. ಒಂದು ಎಂಟು ತುಣುಕುಗಳ ಜೋಡಣೆ. ಇನ್ನೊಂದು ನಲವತ್ತು ಹೆಜ್ಜೆಗಳ ನಡಿಗೆ. ನಡಿಗೆಯನ್ನು ಕಂಡವರು ತಾಯಿಯ ಪಕ್ಕದಲ್ಲಿ ಕುಳಿತ ಮಕ್ಕಳು ಮಾತ್ರ. ಬೆಳಿಗ್ಗೆ ಬಂದ ಅತಿಥಿ ನೋಡುವುದು ಮುಗಿದ ರಂಗೋಲಿಯನ್ನು.

ನನ್ನ ವಾದದ ತಿರುಳು ಇಲ್ಲಿದೆ. ರಂಗೋಲಿ ಕಾಲದಲ್ಲಿ ನಡೆಯುವ ಕಲೆ. ನಾವು ಸ್ಪರ್ಧೆಗಳಲ್ಲಿ ಅದನ್ನು ಮುಗಿದ ಮೇಲೆ ನೋಡಿ, ಗೋಡೆಯ ಮೇಲಿನ ಚಿತ್ರದಂತೆ ಬೆಲೆ ಕಟ್ಟುತ್ತೇವೆ. ಮುದ್ರಿಸಿದ ಹಾಳೆ ಈ ತಪ್ಪನ್ನು ಇನ್ನೂ ಹೆಚ್ಚಿಸುತ್ತದೆ. ಆದರೆ ಚಲಿಸುವ ಚಿತ್ರ ಹಾಗಲ್ಲ. ಗೆರೆ ಎಲ್ಲಿಂದ ಹೊರಟಿತು, ಯಾವ ಎಸಳು ಮೊದಲು ಬಂತು, ಎಲ್ಲಿ ನಿಂತಿತು ಎಂಬುದನ್ನು ತೋರಿಸುವ ಶಕ್ತಿ ಅದಕ್ಕುಂಟು. ಹೀಗಾಗಿ ಹಾಳೆಗಿಂತ ಪರದೆಯೇ ರಂಗೋಲಿಗೆ ಹತ್ತಿರದ ನೆಂಟ. ನಾವು ಅಂದು ಬಗ್ಗಿ ನೋಡಿದ್ದು ಹಾಳೆಯನ್ನು; ಪರದೆಯನ್ನು ಆಟಿಕೆಯೆಂದು ಬಿಟ್ಟೆವು. ಎಡವಿದ್ದು ಅಲ್ಲಿ.

ಈಗ ಆ ಹುಡುಗಿಯ ಕೃತಿಗೆ ಬರುತ್ತೇನೆ. ಒಂದು ಕೃತಿಯನ್ನು ತಳ್ಳಿಹಾಕಿದವನು ಅದನ್ನು ಒಮ್ಮೆಯಾದರೂ ನೆಟ್ಟಗೆ ವಿಮರ್ಶಿಸಬೇಕಾದದ್ದು ಧರ್ಮ. ಅವಳ ಮನೆಯವರನ್ನು ಕೇಳಿ ಆ ಚಿತ್ರವನ್ನು ತರಿಸಿಕೊಂಡು ನಾಲ್ಕು ಸಲ ನೋಡಿದೆ.

ಅವಳ ಎಸಳು ಚೆನ್ನಾಗಿದೆ. ಅದು ಕಣಗಿಲೆಯ ಎಸಳು. ಬುಡದಲ್ಲಿ ಸಣ್ಣಗಾಗಿ, ತುದಿಯಲ್ಲಿ ಒಂದು ಪಕ್ಕಕ್ಕೆ ವಾಲಿದೆ. ಕಣಗಿಲೆಯನ್ನು ಗಮನಿಸಿದವರು ಬಲ್ಲರು: ಅದರ ಐದೂ ಎಸಳುಗಳು ಒಂದೇ ಕಡೆಗೆ ವಾಲಿ, ಕಾಗದದ ಗಿರಗಿಟ್ಟೆಯಂತೆ ಕಾಣುತ್ತವೆ. ಹೊಸ ಬೆಡಗಿನ ಮಂಡಲಗಳಲ್ಲಿ ಎಸಳೆಂದರೆ ಎಡಬಲ ಎರಡೂ ಸಮನಾದ ಬಾದಾಮಿ. ಇವಳು ಹಾಗೆ ಮಾಡದೆ ಅಂಗಳದ ಹೂವನ್ನು ನೋಡಿ ಬರೆದಿದ್ದಾಳೆ. ಅಷ್ಟೇ ಅಲ್ಲ, ಐದು ಎಸಳು ಚುಕ್ಕಿ ರಂಗೋಲಿಗೆ ಒಗ್ಗದ ಸಂಖ್ಯೆ. ಎದುರು ಚುಕ್ಕಿಯಿಟ್ಟರೆ ನಾಲ್ಕರ ಸುತ್ತು, ಸಂದು ಚುಕ್ಕಿಯಿಟ್ಟರೆ ಮೂರರ, ಆರರ ಸುತ್ತು. ಐದರ ಸುತ್ತು ಸಾಲು ಚುಕ್ಕಿಯಲ್ಲಿ ಎಂದಿಗೂ ಸರಿಕೂಡದು. ದಾರಕ್ಕೂ ಐದು ಸಮಪಾಲು ತ್ರಾಸದ ಕೆಲಸ. ಯಂತ್ರಕ್ಕೆ 72 ಎಂದರೆ ಮುಗಿಯಿತು. ಹೊಸ ಉಪಕರಣ ಏನನ್ನು ಹೊಸದಾಗಿ ಕೊಡಬಲ್ಲದೋ ಅದು ಅವಳ ಕೈಗೆ ಬಂದಿತ್ತು.

ಆದರೆ ಅವಳು ಐದಕ್ಕೆ ನಿಲ್ಲಲಿಲ್ಲ. ನಲವತ್ತೆಂಟಕ್ಕೆ ಹೋದಳು. ಎಸಳಿನ ಮೇಲೆ ಎಸಳು ಬಿದ್ದು, ಆ ಚೆಲುವಾದ ವಾಲಿಕೆ ಕಾಣದಂತಾಗಿ, ಹಾಳೆಯ ಮೇಲೆ ಉಳಿದದ್ದು ಒಂದು ಜರಿಯಂಚಿನ ಬಳೆ. ಡಂಬಳದ ಲೆಕ್ಕ ಇಲ್ಲಿಯೂ ಸತ್ಯ. ಪರದೆಯ ಮೇಲೆ ಮಾತ್ರ ಎಸಳುಗಳು ಒಂದೊಂದಾಗಿ ಬರುವುದರಿಂದ, ಮೊದಲ ಕೆಲವು ಕ್ಷಣ ಒಂದೊಂದು ಎಸಳಿನ ಓರೆಯೂ ಸ್ಪಷ್ಟವಾಗಿ ಕಾಣುತ್ತದೆ. ಅದೇ ಆ ಕೃತಿಯ ಅತ್ಯುತ್ತಮ ಭಾಗ. ಹೂವು ತುಂಬಿದ ಮೇಲೆ ಅದನ್ನು ಸುಮ್ಮನೆ ತಿರುಗಲು ಬಿಟ್ಟದ್ದು ಅನಾವಶ್ಯಕ, ತಿರುಗುವುದು ಅರಳುವುದಾಗಲಾರದು. ಬಣ್ಣವೂ ಒಂದೇ ಹದದಲ್ಲಿ ಕೆಂಪಿನಿಂದ ಹಳದಿಗೆ ಜಾರುವ ಸಿದ್ಧ ಬಣ್ಣ, ಅವಳು ಆರಿಸಿದ್ದಲ್ಲ.

ಇಷ್ಟು ದೋಷಗಳನ್ನು ಎಣಿಸಿದ ಮೇಲೂ ಹೇಳುತ್ತೇನೆ, ಅಂದಿನ ಹದಿನೈದು ಕೃತಿಗಳಲ್ಲಿ ಹೂವನ್ನು ನೋಡಿ ಬರೆದ ಹೂವು ಅದೊಂದೇ ಆಗಿತ್ತು. ಬಹುಮಾನ ಪಡೆದ ಕಮಲ, ನವಿಲುಗಳು ಅಚ್ಚುಕಟ್ಟಾಗಿದ್ದವು, ಆದರೆ ಪುಸ್ತಕದವು. ಎರಡನೆಯ ಬಹುಮಾನ ಅವಳಿಗೆ ಸಲ್ಲಬೇಕಾಗಿತ್ತು. ಕನಿಷ್ಠ ಈ ಮೇಲಿನ ಮಾತುಗಳನ್ನಾದರೂ ಅಂದೇ ಅವಳ ಮುಂದೆ ಹೇಳಬೇಕಾಗಿತ್ತು. ನಮ್ಮ ಮಕ್ಕಳು ಕನ್ನಡ ಕೂಟಕ್ಕೆ ಬರುವುದೇ ಅಪರೂಪ. ಬಂದವಳಿಗೆ ‘ಇದು ನಮ್ಮದಲ್ಲ’ ಎಂದು ಹೇಳಿ ಕಳಿಸಿದೆವು. ಇದೇ ನನ್ನ ನಿದ್ದೆ ಕೆಡಿಸಿದ ಸಂಗತಿ.

ಮುಂದಿನ ವರ್ಷಕ್ಕೆ ನನ್ನ ಸೂಚನೆ ಹೀಗಿದೆ. ಪರದೆಯ ರಂಗೋಲಿಗೆ ಪ್ರತ್ಯೇಕ ವಿಭಾಗವಿರಲಿ. ಪರೀಕ್ಷಕರು ಮೂರು ಪ್ರಶ್ನೆ ಕೇಳಲಿ: ಎಸಳನ್ನು ಯಾರು ಬರೆದರು, ಅಷ್ಟೇ ಸಂಖ್ಯೆ ಏಕೆ, ಎಲ್ಲಿ ನಿಲ್ಲಿಸಿದೆ? ಜೊತೆಗೆ, ಮನೆಯ ಹಿರಿಯರ ರಂಗೋಲಿ ವಹಿಯಿಂದ ಒಂದು ವಿನ್ಯಾಸವನ್ನು, ಅದು ಹಾಕುವ ಕ್ರಮದಲ್ಲಿಯೇ ಚಲಿಸುವಂತೆ ಮಾಡಿ ತರಬೇಕೆಂದು ನಿಯಮವಿರಲಿ. ವಹಿಗಳಲ್ಲಿ ಮುಗಿದ ಚಿತ್ರ ಮಾತ್ರ ಇರುತ್ತದೆ. ಕ್ರಮ ಇರುವುದು ಅಜ್ಜಿಯಂದಿರ ಬಾಯಿಯಲ್ಲಿ. ಮಕ್ಕಳು ಅವರ ಬಳಿ ಹೋಗಿ ಕೇಳದೆ ಗತ್ಯಂತರವಿಲ್ಲ.

ನಮ್ಮ ಮನೆಯಲ್ಲಿ ಇದರ ಪ್ರಯೋಗ ನಡೆದಿದೆ. ಮೊಮ್ಮಗಳು ಐದು ಚುಕ್ಕಿಗಳ ಒಂದು ಸಾಲನ್ನು ಎಂಟು ಸಲ ತಿರುಗಿಸಿ ಕ್ಷಣಾರ್ಧದಲ್ಲಿ ನಲವತ್ತು ಚುಕ್ಕಿ ಇಟ್ಟಳು. ಗೆರೆಯನ್ನು ಮಾತ್ರ ಒಂದೊಂದೇ ಹೆಜ್ಜೆಯಾಗಿ ಎಳೆಯಬೇಕೆಂದು ನಾನು ಹಟ ಹಿಡಿದೆ. ನನ್ನಾಕೆ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕುಳಿತು ಕ್ರಮ ಹೇಳಿದಳು. ಮೊಮ್ಮಗಳು ‘ಏಕ, ತೀನ, ಪಾಚ’ ಎಂದು ಶುರುಮಾಡಿ ಎರಡು ಸಲ ತಪ್ಪಿದಳು. “ಕನ್ನಡದಾಗ ಎಣಸು, ನನಗ ಹಂಗs ನೆನಪಿರೋದು” ಎಂದಳು ಅಜ್ಜಿ. ಮೂರನೆಯ ಸಲ ಇಬ್ಬರೂ ಕೂಡಿ ಒಂದು, ಮೂರು, ಐದು, ಎರಡು, ನಾಲ್ಕು ಎಂದು ಎಣಿಸುತ್ತ ನಲವತ್ತನ್ನೂ ಮುಗಿಸಿದರು. ಗೆರೆ ತಪ್ಪದೆ ಹೊರಟಲ್ಲಿಗೆ ಬಂದಿತು.

ಕಣಗಿಲೆಯ ಹುಡುಗಿಗೆ ಈ ಸಂಚಿಕೆಯ ಒಂದು ಪ್ರತಿಯನ್ನು ನಾನೇ ಒಯ್ದು ಕೊಡುವವನಿದ್ದೇನೆ.